ಸೂಜಿ ಕೊಟ್ಟರೆ ಕುಮ್ಮಕ್ಕು ಕೊಟ್ಟಂತೆಯೇ?

ಪ್ರಶ್ನೆ: ನಾನು ಸ್ಟಾಫ್ ನರ್ಸ್. ಮಾದಕ ವಸ್ತು ಚುಚ್ಚಿಕೊಳ್ಳುವವರಿಗೆ ಹೊಸ ಸಿರಿಂಜ್ ಹಂಚುವ ಕೆಲಸಕ್ಕೆ ನನ್ನನ್ನು ಹಾಕಿದ್ದಾರೆ. ಚಟ ಬಿಡಿಸಬೇಕಾದ ನಾವೇ ಸೂಜಿ ಕೊಟ್ಟರೆ ಕುಮ್ಮಕ್ಕು ಕೊಟ್ಟಂತಾಗದೇ? ಜೊತೆಯವರದೂ ಇದೇ ಮಾತು.

ಉತ್ತರ: ಪೂರ್ತಿ ಬಿಟ್ಟರಷ್ಟೇ ಗುಣವಾದಂತೆ ಎಂದು ಕಲಿತು ಬಂದವರಿಗೆ ಈ ಅಳುಕು ಸಹಜ. ಆದರೆ ಹೊಸ ಸೂಜಿ ಸಿಗಲಿಲ್ಲವೆಂದು ಯಾರೂ ಚುಚ್ಚಿಕೊಳ್ಳುವುದನ್ನು ನಿಲ್ಲಿಸುವುದಿಲ್ಲ. ಇನ್ನೊಬ್ಬರು ಬಳಸಿದ್ದನ್ನೇ ಎತ್ತಿಕೊಳ್ಳುತ್ತಾರೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ 1984ರಲ್ಲಿ ಸೂಜಿ ವಿನಿಮಯ ಶುರುವಾದದ್ದೇ ರಕ್ತದಿಂದ ಹರಡುವ ಯಕೃತ್ತಿನ ಸೋಂಕಾದ ಹೆಪಟೈಟಿಸ್ ಬಿ ತಡೆಯಲು. ಅಲ್ಲಿಂದೀಚೆಗೆ ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳಲ್ಲಿ ಇದರಿಂದ ಬಳಕೆ ಹೆಚ್ಚಿದ್ದು ಕಂಡಿಲ್ಲ.

ನಿಜವಾಗಿ ಎಡವುವುದು ಬೇರೆ ಕಡೆ. ಬರೀ ಸಿರಿಂಜ್ ಕೊಟ್ಟು ಕಳಿಸುತ್ತಾರೆ. ಹೆಪಟೈಟಿಸ್ ಸಿ ವೈರಸ್ ಬಲು ಗಟ್ಟಿ: ಪ್ರಯೋಗಾಲಯದಲ್ಲಿ ಸಿರಿಂಜ್ ಒಳಗೆ 63 ದಿನಗಳವರೆಗೂ ಉಳಿದದ್ದುಂಟು. ಪುಡಿ ಕರಗಿಸುವ ಚಮಚ, ಸೋಸುವ ಹತ್ತಿ, ಹಂಚಿಕೊಂಡ ನೀರು, ಇವುಗಳಿಂದಲೂ ದಾಟುತ್ತದೆ. ಹಾಗಾಗಿ ಕಿಟ್‌ನಲ್ಲಿ ಸ್ಟೆರೈಲ್ ನೀರಿನ ಆಂಪ್ಯೂಲ್, ಒಮ್ಮೆ ಬಳಸಿ ಎಸೆಯುವ ಬಟ್ಟಲು, ಫಿಲ್ಟರ್, ಸ್ಪಿರಿಟ್ ಸ್ವಾಬ್, ಬಳಸಿದ ಸೂಜಿ ಹಾಕುವ ಗಟ್ಟಿ ಡಬ್ಬಿ ಎಲ್ಲವೂ ಇರಲಿ. ಸೂಜಿ ಅಂಟಿಕೊಂಡೇ ಬರುವ ಸಿರಿಂಜ್ ಆದರೆ ಒಳಗೆ ಉಳಿಯುವ ರಕ್ತ ಕಡಿಮೆ. ಸ್ವಾಬ್ ಚುಚ್ಚುವ ಮೊದಲು ಮಾತ್ರ. ಆಮೇಲೆ ಒಣ ಹತ್ತಿ ಒತ್ತಿಹಿಡಿಯಲು ಹೇಳಿ.

ಹಳೆಯದು ತಂದರಷ್ಟೇ ಹೊಸದು ಎಂಬ ನಿಯಮ ಶಿಸ್ತಿನಂತೆ ಕಾಣುತ್ತದೆ, ಕೆಲಸ ಕೆಡಿಸುತ್ತದೆ. ದಿನಕ್ಕೆ ಮೂರು ಬಾರಿ ಚುಚ್ಚಿಕೊಳ್ಳುವವರಿಗೆ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಬೇಕು. 2030ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟುಕೊಂಡ ಗುರಿಯೇ ವರ್ಷಕ್ಕೆ ತಲಾ 300 ಸೂಜಿ. ಹಳೆಯದನ್ನು ವಾಪಸ್ ಪಡೆಯಿರಿ, ಆದರೆ ಅದನ್ನು ಷರತ್ತು ಮಾಡಬೇಡಿ.

ಪ್ರಶ್ನೆ: ಮೆಥಡೋನ್ (ಹೆರಾಯಿನ್‌ನಂಥ ಮಾದಕಕ್ಕೆ ಬದಲಿಯಾಗಿ ಕೊಡುವ ಔಷಧಿ) ತೆಗೆದುಕೊಳ್ಳುತ್ತಿರುವ ರೋಗಿ ಕಾಲು ಮುರಿದುಕೊಂಡು ದಾಖಲಾಗಿದ್ದಾರೆ. ನೋವಿಗೆ ಮತ್ತೆ ಮತ್ತೆ ಔಷಧಿ ಕೇಳುತ್ತಾರೆ. ನಾಟಕವೋ, ನಿಜವಾದ ನೋವೋ? (ಹೌಸ್ ಸರ್ಜನ್)

ಉತ್ತರ: ನಿಜವಾದ ನೋವೆಂದೇ ಹಿಡಿಯಿರಿ. ಒಂದು ಡೋಸ್ ಮೆಥಡೋನ್ ವಿತ್‌ಡ್ರಾವಲ್ ಲಕ್ಷಣಗಳನ್ನು (ಮಾದಕ ನಿಂತಾಗ ಏಳುವ ಯಾತನೆ) ಇಡೀ ದಿನ ತಡೆದರೂ ನೋವು ತಗ್ಗಿಸುವುದು 4ರಿಂದ 8 ಗಂಟೆ ಮಾತ್ರ. ಚಿಕಿತ್ಸೆ ಕೊಡುತ್ತಿರುವ ಕೇಂದ್ರಕ್ಕೆ ಫೋನ್ ಮಾಡಿ ಡೋಸ್ ಎಷ್ಟು, ಕೊನೆಯದು ಯಾವಾಗ ಎಂದು ಖಚಿತಪಡಿಸಿಕೊಂಡು ಅದನ್ನು ಮುಂದುವರಿಸಿ. ನೋವಿನ ಔಷಧಿ ಅದರ ಮೇಲೆ ಬೇರೆಯಾಗಿ ಕೊಡಿ. ದೇಹ ಒಗ್ಗಿಹೋಗಿರುವುದರಿಂದ ಸಾಮಾನ್ಯ ಪ್ರಮಾಣ ಸಾಲದಿರಬಹುದು. ಪೆಂಟಜೋಸಿನ್ ಎಂಬ ನೋವಿನ ಔಷಧಿ ಮಾತ್ರ ಬೇಡ, ಅದೇ ವಿತ್‌ಡ್ರಾವಲ್ ಎಬ್ಬಿಸುತ್ತದೆ. ಮೆಥಡೋನ್ ಮೂರು ದಿನಕ್ಕಿಂತ ಹೆಚ್ಚು ತಪ್ಪಿಸಿದ್ದರೆ ಹಳೆಯ ಪೂರ್ತಿ ಡೋಸ್ ಒಮ್ಮೆಲೇ ಕೊಡುವುದು ಅಪಾಯ; ಅಷ್ಟರಲ್ಲಿ ತಾಳಿಕೆ ಇಳಿದಿರುತ್ತದೆ.

ಇನ್ನೊಂದು ಮಾತು. ಕೇಸ್ ಶೀಟಿನಲ್ಲಿ ‘ಚಟಗಾರ, ಔಷಧಿಗೆ ಪೀಡಿಸುತ್ತಾನೆ’ ಎಂದು ಬರೆದರೆ ಮುಂದಿನ ಪಾಳಿಯವರು ರೋಗಿಯ ಮುಖ ನೋಡುವ ಮೊದಲೇ ತೀರ್ಮಾನ ಮಾಡಿರುತ್ತಾರೆ. ವಿತ್‌ಡ್ರಾವಲ್ ತಡೆಯಲಾರದೆ ಎದ್ದುಹೋದವರ ಚಿಕಿತ್ಸೆ ಅರ್ಧಕ್ಕೇ ನಿಲ್ಲುತ್ತದೆ, ಮತ್ತೆ ಬರುವುದು ಸೋಂಕು ರಕ್ತಕ್ಕೇರಿದ ಮೇಲೆ.

ಪ್ರಶ್ನೆ: ನಲಾಕ್ಸೋನ್ (ಹೆರಾಯಿನ್‌ನಂಥ ಮಾದಕ ಅತಿಯಾಗಿ ಉಸಿರು ನಿಲ್ಲುವಾಗ ಕೊಡುವ ಔಷಧಿ) ಮನೆಯವರ ಕೈಗೆ ಕೊಡಬಹುದೇ?

ಉತ್ತರ: ಕೊಡಬೇಕು. 2014ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಅದೇ. ಎಬ್ಬಿಸಿದರೆ ಏಳದೆ, ಉಸಿರು ನಿಧಾನವಾಗಿ ತುಟಿ ನೀಲಿಗಟ್ಟಿದರೆ ಆಂಬುಲೆನ್ಸ್‌ಗೆ ಫೋನ್ ಮಾಡಿ, 5 ಸೆಕೆಂಡಿಗೊಮ್ಮೆ ಬಾಯಿಂದ ಉಸಿರು ಕೊಡುತ್ತಾ, ತೊಡೆಯ ಸ್ನಾಯುವಿಗೆ 0.4 ಮಿ.ಗ್ರಾಂ ಚುಚ್ಚಬೇಕು ಅಥವಾ ಮೂಗಿಗೆ 4 ಮಿ.ಗ್ರಾಂ ಸ್ಪ್ರೇ ಮಾಡಬೇಕು. 2-3 ನಿಮಿಷದಲ್ಲಿ ಉಸಿರಾಟ ಸುಧಾರಿಸದಿದ್ದರೆ ಇನ್ನೊಂದು ಡೋಸ್. ಉಸಿರು ಮರಳಿದ ಮೇಲೆ ಪಕ್ಕಕ್ಕೆ ಮಲಗಿಸಿ. ನಲಾಕ್ಸೋನ್ ಪ್ರಭಾವ 30ರಿಂದ 90 ನಿಮಿಷ. ಮೆಥಡೋನ್‌ನಂಥದ್ದು ಅದಕ್ಕಿಂತ ಬಹಳ ಹೊತ್ತು ಇರುವುದರಿಂದ ಎದ್ದು ಕೂತವರು ಮತ್ತೆ ಮುಳುಗಬಹುದು, ಬಿಟ್ಟುಹೋಗಬಾರದು. ಮದ್ಯ ಅಥವಾ ನಿದ್ರೆಮಾತ್ರೆಯಿಂದಲೇ ಹೀಗಾಗಿದ್ದರೆ ಕೆಲಸ ಮಾಡದು, ಆದರೆ ಕೊಟ್ಟರೆ ಹಾನಿಯೂ ಇಲ್ಲ.

ಹೆಚ್ಚು ಸಾವು ಸಂಭವಿಸುವುದು ಜೈಲಿನಿಂದಲೋ ಚಟ ಬಿಡಿಸುವ ಕೇಂದ್ರದಿಂದಲೋ ಹೊರಬಂದ ಮೊದಲ ಎರಡು ವಾರಗಳಲ್ಲಿ, ಹಳೆಯ ಪ್ರಮಾಣವನ್ನೇ ತೆಗೆದುಕೊಂಡಾಗ. ಆದ್ದರಿಂದ ಡಿಸ್ಚಾರ್ಜ್ ದಿನವೇ ಕೈಗಿಡಿ. ಬಾಯಿಂದ ಉಸಿರು ಕೊಡುವುದನ್ನು ಮನೆಯವರಿಂದ ಒಮ್ಮೆ ಮಾಡಿಸಿ ನೋಡಿ.