ಬಂದೂಕು ಖಾಲಿಯಿದ್ದರೂ ತಿರುಗಬಾರದಾ?

ಶೂಟಿಂಗ್ ರೇಂಜ್ ಬಗ್ಗೆ ಓದುಗರ ಪ್ರಶ್ನೆಗಳು, ರೇಂಜ್ ಆಫೀಸರ್ ಉತ್ತರಗಳು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಗುರಿ ಹಿಡಿಯುವ ಬಗ್ಗೆಯೇ ಇವೆ. ಅವನ್ನು ಮುಂದಿನ ಸಲಕ್ಕೆ ಎತ್ತಿಟ್ಟಿದ್ದೇನೆ. ಗುರಿ ಇವತ್ತು ತಪ್ಪಿದರೆ ನಾಳೆ ಸರಿಹೋಗುತ್ತದೆ. ಉಳಿದ ಪತ್ರಗಳ ವಿಷಯ ಹಾಗಲ್ಲ, ಅದಕ್ಕೇ ಅವು ಮೊದಲು.

ಪ್ರಶ್ನೆ: ಗುಂಡು ಹೊಡೆದು ಮುಗಿಸಿ, ಮ್ಯಾಗಝಿನ್ (ಗುಂಡು ತುಂಬುವ ಡಬ್ಬಿ) ತೆಗೆದು, ಪಿಸ್ತೂಲು ಹಿಡಿದುಕೊಂಡೇ ಹಿಂದೆ ನಿಂತಿದ್ದ ಹೆಂಡತಿ ಕಡೆ ತಿರುಗಿದೆ. ಒಂದು ಫೋಟೊ ತೆಗೆಯಲಿ ಅಂತ, ಅಷ್ಟೇ. ಅಲ್ಲಿದ್ದ ಆಫೀಸರ್ ಎಲ್ಲರ ಎದುರು ಕಿರುಚಿದರು. ಗನ್ ಖಾಲಿಯಿತ್ತು. ಇಷ್ಟೊಂದು ಅವಮಾನ ಮಾಡಬೇಕಿತ್ತಾ?

ನಿಮಗೆ ನೋವಾಗಿದೆ, ಅರ್ಥವಾಗುತ್ತದೆ. ಆದರೆ ಆ ಜಾಗದಲ್ಲಿ ನಾನಿದ್ದರೂ ಹಾಗೇ ಕೂಗುತ್ತಿದ್ದೆ. ಗುಂಡು ಹೊಡೆಯುವವರ ಸಾಲಿನಲ್ಲಿ ಎಲ್ಲರೂ ಕಿವಿ ಮುಚ್ಚಿಕೊಂಡಿರುತ್ತಾರೆ, ಮೆಲ್ಲಗೆ ಹೇಳಿದರೆ ಕೇಳಿಸುವುದಿಲ್ಲ. ಹತ್ತಿರ ಹೋಗಿ ಭುಜ ಮುಟ್ಟಿ ಹೇಳೋಣ ಅಂದರೆ, ಮುಟ್ಟಿದ ಕೂಡಲೇ ಮನುಷ್ಯ ಬೆಚ್ಚಿ ಇನ್ನಷ್ಟು ತಿರುಗುತ್ತಾನೆ. ಉಳಿಯುವ ದಾರಿ ಕೂಗುವುದೊಂದೇ.

‘ಖಾಲಿಯಿತ್ತು’ ಅನ್ನುವ ಮಾತನ್ನೇ ಸ್ವಲ್ಪ ಬಿಡಿಸಿ ನೋಡೋಣ. ಮ್ಯಾಗಝಿನ್ ತೆಗೆದ ಮಾತ್ರಕ್ಕೆ ಪಿಸ್ತೂಲು ಖಾಲಿಯಾಗುವುದಿಲ್ಲ. ಸೆಮಿ ಆಟೊಮ್ಯಾಟಿಕ್‌ನಲ್ಲಿ ಒಂದು ಗುಂಡು ಹಾರಿದ ಕೂಡಲೇ ಮುಂದಿನದು ನಳಿಗೆಯ ಹಿಂತುದಿಯ ಗೂಡಿನಲ್ಲಿ, ಅಂದರೆ ಛೇಂಬರ್‌ನಲ್ಲಿ ಹೋಗಿ ಕೂತಿರುತ್ತದೆ. ಹಾಗಾಗಿ ಮೊದಲು ಮ್ಯಾಗಝಿನ್ ಹೊರಗೆ ಬರಬೇಕು. ಆಮೇಲೆ ಪಿಸ್ತೂಲಿನ ಮೇಲೆ ಹಿಂದೆಮುಂದೆ ಜಾರುವ ಭಾಗವನ್ನು, ಅಂದರೆ ಸ್ಲೈಡನ್ನು, ಹಿಂದಕ್ಕೆಳೆದು, ತೆರೆದ ಹಾಗೇ ನಿಲ್ಲಿಸಬೇಕು. ಒಳಗೆ ಕಣ್ಣಾರೆ ನೋಡಬೇಕು, ಬೆಳಕು ಸಾಲದಿದ್ದರೆ ಕಿರುಬೆರಳು ಹಾಕಿ ಮುಟ್ಟಿ ನೋಡಬೇಕು. ಇದೇ ಕೆಲಸವನ್ನು ಹಿಂದುಮುಂದು ಮಾಡಿದರೆ ಏನಾಗುತ್ತದೆ ಗೊತ್ತಾ? ಮ್ಯಾಗಝಿನ್ ಒಳಗಿರುವಾಗಲೇ ಸ್ಲೈಡ್ ಎಳೆದರೆ ಛೇಂಬರ್‌ನಲ್ಲಿದ್ದ ಗುಂಡು ಹೊರಗೆ ಬೀಳುತ್ತದೆ. ಸ್ಲೈಡ್ ಬಿಟ್ಟಾಗ ಇನ್ನೊಂದು ಒಳಗೆ ಹೋಗುತ್ತದೆ. ಬಿದ್ದ ಗುಂಡು ನೋಡಿ ಖಾಲಿಯಾಯ್ತು ಅಂದುಕೊಳ್ಳುತ್ತೀರಿ, ಆಮೇಲೆ ಮ್ಯಾಗಝಿನ್ ತೆಗೆಯುತ್ತೀರಿ. ಆಗ ಕೈಯಲ್ಲಿರುವುದು ಗುಂಡು ತುಂಬಿದ ಪಿಸ್ತೂಲು.

ನೀವು ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದಿರಿ ಅಂತಲೇ ಇಟ್ಟುಕೊಳ್ಳೋಣ. ಅದು ಗೊತ್ತಿರುವುದು ನಿಮಗೊಬ್ಬರಿಗೇ ಅಲ್ವಾ? ನಳಿಗೆ ಯಾರ ಹೊಟ್ಟೆಯ ಮೇಲೆ ಹಾದುಹೋಯಿತೋ ಅವರಿಗೆ ಗೊತ್ತಿಲ್ಲ. ನಾನು ಸಾಲಿನ ಹಿಂದೆ ನಿಂತಿರುತ್ತೇನೆ. ಅಲ್ಲಿಂದ ಮುಖ ಕಾಣುವುದಿಲ್ಲ, ಬೆನ್ನು ಮಾತ್ರ ಕಾಣುತ್ತದೆ. ಅದಕ್ಕೇ ಮೊಣಕೈ ನೋಡುತ್ತಿರುತ್ತೇನೆ. ಮೊಣಕೈ ಪಕ್ಕೆಯಿಂದ ಆಚೆ ಸರಿಯಿತು ಅಂದರೆ ನಳಿಗೆ ತಿರುಗಲು ಶುರುವಾಯಿತು ಅಂತ ಲೆಕ್ಕ. ಅಷ್ಟು ಹೊತ್ತಿಗೆ ಕೂಗಿರಬೇಕು. ಗನ್ ಖಾಲಿಯಾ, ತುಂಬಿದೆಯಾ, ಫೋಟೊಗಾ ಅಂತ ಯೋಚಿಸಲು ಸಮಯ ಇರುವುದಿಲ್ಲ.

ಫೋಟೊ ಬೇಕಿದ್ದರೆ ಖಂಡಿತ ತೆಗೆಸಿಕೊಳ್ಳಿ. ಮೊದಲು ಆಫೀಸರ್‌ಗೆ ಹೇಳಿ. ನೀವು ಗುರಿಯ ಕಡೆಗೇ ಮುಖ ಮಾಡಿ ನಿಂತಿರಿ, ನಿಮ್ಮವರು ಹಿಂದಿನಿಂದ, ಪಕ್ಕಕ್ಕೆ ಸರಿದು ತೆಗೆಯಲಿ. ಚಿತ್ರದಲ್ಲಿ ಪಕ್ಕದವರೂ ಬರುತ್ತಾರೆ ಅಂದರೆ ಅವರನ್ನೂ ಒಂದು ಮಾತು ಕೇಳಿ. ಮುಖ ಕ್ಯಾಮೆರಾ ಕಡೆ ಬೇಕು ಅಂದರೆ ಗನ್ ಮೇಜಿನ ಮೇಲಿಟ್ಟು ಬನ್ನಿ.

ಪ್ರಶ್ನೆ: ಮೊದಲ ಸಲ ಸ್ನೇಹಿತನ ಜೊತೆ ರೇಂಜ್‌ಗೆ ಹೊರಟಿದ್ದೇನೆ. ಹೇಗೆ ಹೋಗಬೇಕು, ಏನು ಮಾಡಬಾರದು?

ಕತ್ತು ಮುಚ್ಚುವ ಅಂಗಿ, ಮುಂದೆ ಅಂಚಿರುವ ಟೋಪಿ, ಪಾದ ಪೂರ್ತಿ ಮುಚ್ಚುವ ಶೂ ಹಾಕಿಕೊಂಡು ಹೋಗಿ. ಗುಂಡು ಹಾರಿದ ಮೇಲೆ ಹೊರಗೆ ಚಿಮ್ಮುವ ಹಿತ್ತಾಳೆಯ ಖಾಲಿ ಕೇಸ್ ಚುರುಗುಟ್ಟುವಷ್ಟು ಬಿಸಿ ಇರುತ್ತದೆ. ಅದು ಅಗಲ ಕತ್ತಿನ ಅಂಗಿಯೊಳಗೆ ಬಿದ್ದರೆ ಯಾರೇ ಆಗಲಿ ಕುಣಿದಾಡುತ್ತಾರೆ, ಕೈಯಲ್ಲಿ ಗನ್ ಇದೆ ಎನ್ನುವುದೇ ಮರೆತುಹೋಗುತ್ತದೆ. ಬೀಳಲೇಬಾರದು, ಬಿದ್ದರೆ ಸುಟ್ಟರೂ ಪರವಾಗಿಲ್ಲ, ಮೊದಲು ಗನ್ ಕೆಳಗಿಟ್ಟು ಆಮೇಲೆ ಅಂಗಿ ಕೊಡವಿಕೊಳ್ಳಿ. ಕಣ್ಣಿಗೆ ಪಾಲಿಕಾರ್ಬನೇಟ್ ಕನ್ನಡಕ ಬೇಕೇ ಬೇಕು. ನೀವು ಹೊಡೆಯದೆ ಸುಮ್ನೆ ನೋಡುತ್ತಾ ನಿಂತಿದ್ದರೂ ಬೇಕು.

ಗನ್ನನ್ನು ಚೀಲದಿಂದ ತೆಗೆಯುವುದು ನಿಮಗೆ ಕೊಟ್ಟ ಜಾಗದಲ್ಲಿ, ಮೇಜಿನ ಮೇಲೆ. ವಾಹನದ ಹತ್ತಿರ ಬೇಡ, ಹಿಂದಿನ ಬೆಂಚಿನಲ್ಲೂ ಬೇಡ. ಚೀಲ ಬಿಚ್ಚುವ ಮೊದಲೇ ನಳಿಗೆ ಇರುವ ತುದಿ ಗುರಿಯ ಕಡೆಗಿದೆಯಾ ನೋಡಿಕೊಳ್ಳಿ. ಬಿಚ್ಚಿದ ಮೇಲೆ ತಿರುಗಿಸಿದರೆ ಸಾಲಿನಲ್ಲಿರುವ ಎಲ್ಲರ ಮೇಲೂ ನಳಿಗೆ ಆಡಿಸಿದ ಹಾಗಾಗುತ್ತದೆ. ಗುರಿ ಹಿಡಿದು ಹೊಡೆಯಲು ಸಿದ್ಧರಾಗುವವರೆಗೆ ಬೆರಳು ಟ್ರಿಗರ್ ಮೇಲೆ ಇರಬಾರದು. ಅದನ್ನು ಪಕ್ಕದಲ್ಲಿ, ಗನ್ನಿನ ಮೈಮೇಲೆ ನೇರವಾಗಿ ಇಟ್ಟುಕೊಳ್ಳಿ. ಗನ್ ಕೈಜಾರಿದರೆ ಹಿಡಿಯಲು ಹೋಗಬೇಡಿ, ಬೀಳಲಿ ಬಿಡಿ. ಗಾಬರಿಯಲ್ಲಿ ಹಿಡಿಯುವ ಕೈಯ ಬೆರಳು ಹೋಗಿ ಸೇರುವುದು ಟ್ರಿಗರ್‌ಗೇ.

ಗುರಿಯ ಹಿಂದೆ ಏನಿದೆ ಎನ್ನುವುದೂ ನಿಮ್ಮದೇ ಹೊಣೆ. ಪಾಯಿಂಟ್ 22 ಅಂದರೆ ಚಿಕ್ಕ ಗುಂಡು, ಏನಾಗುತ್ತದೆ ಅನ್ನುವವರಿದ್ದಾರೆ. ಅದೇ ಗುಂಡಿನ ಕೆಲವು ಪೆಟ್ಟಿಗೆಗಳ ಮೇಲೆ ಒಂದೂವರೆ ಮೈಲಿಯವರೆಗೂ ಅಪಾಯ ಎಂದು ಅಚ್ಚಾಗಿರುತ್ತದೆ. ಸುಮಾರು 2.4 ಕಿಲೋಮೀಟರ್! ಅದನ್ನು ತಡೆಯುವುದು ಹಿಂದಿನ ಮಣ್ಣಿನ ದಿಬ್ಬ ಮಾತ್ರ. ದಿಬ್ಬಕ್ಕಿಂತ ಮೇಲೆ ನಳಿಗೆ ಎತ್ತಲೇಬೇಡಿ.

ಒಂದು ಮಾತು ನಿಮ್ಮ ಸ್ನೇಹಿತನಿಗೆ. ಹೊಸಬರ ಕೈಗೆ ಮೊದಲ ಸಲ ಒಂದೇ ಒಂದು ಗುಂಡು ತುಂಬಿ ಕೊಡಿ. ಪಿಸ್ತೂಲು ಒದ್ದಾಗ ಗಾಬರಿಯಿಂದ ಹಿಡಿತ ಬಿಗಿಯಾಗಿ ಟ್ರಿಗರ್ ಇನ್ನೊಮ್ಮೆ ಒತ್ತಿಹೋಗಬಹುದು. ಅಷ್ಟರಲ್ಲಿ ನಳಿಗೆ ಮೇಲಕ್ಕೆದ್ದಿರುತ್ತದೆ. ಒಳಗೆ ಎರಡನೇ ಗುಂಡು ಇಲ್ಲದಿದ್ದರೆ ಏನೂ ಆಗುವುದಿಲ್ಲ. ದೊಡ್ಡ ಗನ್ ಕೊಟ್ಟು, ಅವರು ಹಿಂದಕ್ಕೆ ವಾಲುವುದನ್ನು ನೋಡಿ ನಗುವ ಚಟ ಕೆಲವರಿಗಿದೆ. ಅದನ್ನು ಕಂಡರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ.

ಪ್ರಶ್ನೆ: ಟ್ರಿಗರ್ ಒತ್ತಿದೆ, ‘ಟಿಕ್’ ಅಂತು, ಗುಂಡು ಹಾರಲಿಲ್ಲ. ಏನಾಯ್ತು ಅಂತ ತಕ್ಷಣ ತೆಗೆದು ನೋಡಬಹುದಾ?

ತಕ್ಷಣ ಬೇಡ. ನಳಿಗೆ ಗುರಿಯ ಕಡೆಗೇ ಇರಲಿ, ಕನಿಷ್ಠ 30 ಸೆಕೆಂಡ್ ಹಾಗೇ ಹಿಡಿದಿರಿ. ಕೆಲವು ರೇಂಜ್‌ಗಳಲ್ಲಿ 60 ಸೆಕೆಂಡ್ ಎನ್ನುತ್ತಾರೆ, ಅಲ್ಲಿಯ ನಿಯಮವೇ ನಿಮ್ಮ ನಿಯಮ. ಒಳಗಿನ ಮದ್ದು ಕೆಲವೊಮ್ಮೆ ತಡವಾಗಿ ಹೊತ್ತಿಕೊಳ್ಳುತ್ತದೆ. ಅಪರೂಪ, ಆದರೆ ಆಗುತ್ತದೆ. ನೀವು ಬೋಲ್ಟ್ (ಛೇಂಬರ್ ಮುಚ್ಚುವ ಭಾಗ) ತೆರೆದ ಹೊತ್ತಿಗೇ ಅದು ಹೊತ್ತಿಕೊಂಡರೆ ಕೇಸ್ ನಿಮ್ಮ ಮುಖದ ಮುಂದೆಯೇ ಸಿಡಿಯುತ್ತದೆ. ಕಾದ ಮೇಲೆ ಇನ್ನೊಂದು ಕೈ ಎತ್ತಿ ಆಫೀಸರನ್ನು ಕರೆಯಿರಿ.

ಇದಕ್ಕಿಂತ ನನಗೆ ಹೆಚ್ಚು ಭಯ ಇರುವುದು ಇನ್ನೊಂದರ ಬಗ್ಗೆ. ಟ್ರಿಗರ್ ಒತ್ತಿದಾಗ ‘ಢಂ’ ಅನ್ನಬೇಕಾದದ್ದು ‘ಪುಸ್’ ಅನ್ನುತ್ತದೆ. ಒದೆತವೂ ಇಲ್ಲ, ಗುರಿಯ ಹಾಳೆಯಲ್ಲಿ ತೂತೂ ಇಲ್ಲ. ಹಾಗಾದರೆ ಗುಂಡು ನಳಿಗೆಯ ಮಧ್ಯದಲ್ಲೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆಯೇ ಒಡೆಯಬಹುದು, ನಿಮ್ಮ ಬೆರಳಿನ ಜೊತೆಗೆ ಪಕ್ಕದವರ ಕಣ್ಣೂ ಹೋಗಬಹುದು. ಸದ್ದು ಸ್ವಲ್ಪ ಬೇರೆ ಅನ್ನಿಸಿದರೂ ಅಲ್ಲಿಗೇ ನಿಲ್ಲಿಸಿ. ಪಕ್ಕದವರಿಂದ ಅಂಥ ಸದ್ದು ಬಂದರೆ ಅವರನ್ನೂ ನಿಲ್ಲಿಸಿ. ಖಾಲಿ ಮಾಡಿ, ನಳಿಗೆ ಪರೀಕ್ಷಿಸುವ ತನಕ ಮುಂದಿನ ಗುಂಡು ಬೇಡ.

ಪ್ರಶ್ನೆ: ಕಿವಿಗೆ ಹತ್ತಿ ಇಟ್ಟುಕೊಂಡರೆ ಸಾಕಾಗುವುದಿಲ್ವಾ?

ಸಾಕಾಗುವುದಿಲ್ಲ. ಪಾಯಿಂಟ್ 22 ರೈಫಲ್‌ನ ಸದ್ದೇ 140 ಡೆಸಿಬಲ್ ಹತ್ತಿರ ಇರುತ್ತದೆ. ದೊಡ್ಡ ಪಿಸ್ತೂಲು, ರೈಫಲ್‌ಗಳು 150 ದಾಟುತ್ತವೆ. 140ರ ಮೇಲೆ ಒಂದೇ ಸಲ ಕೇಳಿದರೂ ಕಿವಿಗೆ ಪೆಟ್ಟು ಬೀಳಬಹುದು, ಹಾಗೆ ಹೋದ ಕೇಳುವ ಶಕ್ತಿ ವಾಪಸ್ ಬರುವುದಿಲ್ಲ. ಒಳಗೆ ಫೋಮ್ ಪ್ಲಗ್, ಹೊರಗೆ ಇಯರ್‌ಮಫ್, ಎರಡೂ ಇರಲಿ. ಮುಚ್ಚಿದ ಕಟ್ಟಡದೊಳಗಿನ ರೇಂಜ್ ಆದರಂತೂ ಗೋಡೆಗೆ ಬಡಿದು ಬರುವ ಸದ್ದೂ ಸೇರುತ್ತದೆ.

ಪ್ಲಗ್ ಹಾಕಿಕೊಳ್ಳುವುದಕ್ಕೂ ಕ್ರಮ ಇದೆ. ಬೆರಳುಗಳ ಮಧ್ಯೆ ಹೊಸೆದು ಬತ್ತಿಯ ಹಾಗೆ ಸಣ್ಣಗೆ ಮಾಡಿ. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಆಗ ದಾರಿ ನೆಟ್ಟಗಾಗುತ್ತದೆ. ಒಳಗೆ ತೂರಿಸಿ, ಅದು ಉಬ್ಬಿ ಕೂರುವ ತನಕ ಬೆರಳಿಂದ ಒತ್ತಿ ಹಿಡಿಯಿರಿ. ಪ್ಲಗ್ಗಿನ ಮುಕ್ಕಾಲು ಭಾಗ ಹೊರಗೇ ಕಾಣುತ್ತಿದ್ದರೆ ಹಾಕಿಯೂ ಹಾಕದ ಹಾಗೆ. ಕನ್ನಡಕದ ಕಡ್ಡಿ ದಪ್ಪಗಿದ್ದರೆ ಇಯರ್‌ಮಫ್ ಸರಿಯಾಗಿ ಕೂರುವುದಿಲ್ಲ, ತೆಳ್ಳಗಿನ ಕಡ್ಡಿಯದ್ದು ತೆಗೆದುಕೊಳ್ಳಿ.

ಪ್ರಶ್ನೆ: ಎಡಪಕ್ಕದವರ ಗನ್ನಿನ ಬಿಸಿ ಕೇಸ್‌ಗಳೆಲ್ಲ ನನ್ನ ಮೇಲೇ ಬೀಳುತ್ತವೆ. ಹೇಳಿದರೆ ಬೇಜಾರಾಗುತ್ತಾರಾ?

ಹೇಳಿ. ಹೆಚ್ಚಿನ ಗನ್‌ಗಳು ಕೇಸ್ ಎಸೆಯುವುದು ಬಲಕ್ಕೆ, ನಿಮ್ಮ ಮೇಲೆ ಬೀಳುತ್ತಿದೆ ಎಂದು ಅವರಿಗೆ ಗೊತ್ತೇ ಇರುವುದಿಲ್ಲ. ಆದರೆ ಅವರು ಗುರಿ ಹಿಡಿದಿರುವಾಗ ಬೇಡ. ಗನ್ ಕೆಳಗಿಡುವ ತನಕ ಕಾಯಿರಿ. ಮಧ್ಯೆ ಪರದೆ ಇರುವ ಜಾಗ ಸಿಗುತ್ತದಾ ಅಂತ ಆಫೀಸರನ್ನು ಕೇಳಿದರೆ ಇನ್ನೂ ಒಳ್ಳೆಯದು. ನಳಿಗೆಯ ತುದಿಗೆ ಬ್ರೇಕ್ ಹಾಕಿದ ರೈಫಲ್ ತರುವವರು ತಾವಾಗಿಯೇ ಸಾಲಿನ ಕೊನೆಯ ಜಾಗ ಕೇಳಬೇಕು. ಅದು ಹೊಡೆತದ ಗಾಳಿಯನ್ನೆಲ್ಲ ಪಕ್ಕಕ್ಕೆ ತಳ್ಳುತ್ತದೆ, ಪಕ್ಕದ ಮೇಜಿನವರ ಎದೆ ಅದುರುತ್ತದೆ. ಕೆಳಗೆ ಬಿದ್ದ ಕೇಸ್‌ಗಳು ಅವರವರದ್ದು, ಕೇಳದೆ ಆಯ್ದುಕೊಳ್ಳಬೇಡಿ. ಹೊಡೆಯುವವರು ನಿಲ್ಲುವ ಗೆರೆ ದಾಟಿ ಮುಂದೆ ಉರುಳಿದ್ದರೆ ನಿಮ್ಮದೇ ಆದರೂ ಕೈ ಚಾಚಬೇಡಿ.

ಪ್ರಶ್ನೆ: ಪಕ್ಕದಲ್ಲಿದ್ದ ಹುಡುಗಿ ಹೊಡೆದದ್ದೆಲ್ಲ ಕೆಳಗೆ ಬೀಳುತ್ತಿತ್ತು. ನನಗೆ ಅನುಭವ ಇದೆ. ಹೋಗಿ ಹೇಳಿಕೊಡಬಹುದಿತ್ತಾ?

ಅವರು ಕೇಳಿದ್ದರೆ ಹೇಳಿಕೊಡಬಹುದಿತ್ತು. ಕೇಳದಿದ್ದರೆ ನಿಮ್ಮ ಹಾಳೆ ನೋಡಿಕೊಳ್ಳಿ. ಅವರ ಗನ್ ಮುಟ್ಟುವುದಂತೂ ಬೇಡವೇ ಬೇಡ.

ಪ್ರಶ್ನೆ: ಎಂಟು ವರ್ಷದ ಮಗಳು ನಾನೂ ಬರುತ್ತೇನೆ ಎನ್ನುತ್ತಾಳೆ. ಕರೆದುಕೊಂಡು ಹೋಗಬಹುದಾ?

ರೇಂಜ್‌ನ ವಯಸ್ಸಿನ ನಿಯಮ ಮೊದಲು ಕೇಳಿಕೊಳ್ಳಿ. ಅವರು ಬಿಟ್ಟರೂ, ಮದ್ದಿನ ಗುಂಡು ಹೊಡೆಯುವ ಮುಚ್ಚಿದ ರೇಂಜ್‌ಗೆ ಬೇಡ ಎನ್ನುತ್ತೇನೆ. ಕಾರಣ ಸೀಸ. ಗುಂಡಿನಲ್ಲಿ ಸೀಸ ಇರುತ್ತದೆ, ಮದ್ದಿಗೆ ಬೆಂಕಿ ಹಚ್ಚುವ ಪ್ರೈಮರ್‌ನಲ್ಲೂ ಸಾಮಾನ್ಯವಾಗಿ ಇರುತ್ತದೆ. ಪ್ರತಿ ಹೊಡೆತಕ್ಕೂ ಅದರ ನುಣ್ಣನೆಯ ಧೂಳು ಗಾಳಿಗೆ ಸೇರುತ್ತದೆ. ಒಳ್ಳೆಯ ರೇಂಜ್‌ನಲ್ಲಿ ಗಾಳಿ ನಿಮ್ಮ ಬೆನ್ನ ಕಡೆಯಿಂದ ಗುರಿಯ ಕಡೆಗೆ ಹೋಗುವ ಹಾಗೆ ಫ್ಯಾನ್ ಕೂರಿಸಿರುತ್ತಾರೆ, ಆದರೂ ಕೈಗೆ, ಬಟ್ಟೆಗೆ, ಕೂದಲಿಗೆ ಅಂಟುವುದು ಅಂಟುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎನ್ನುವ ಅಳತೆಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಸುರಿಯರೂ ದೂರ ಇರುವುದು ಒಳ್ಳೆಯದು.

ನೀವು ಹೋಗಿ ಬಂದ ಮೇಲೂ ಎಚ್ಚರ ಬೇಕು. ರೇಂಜ್ ಒಳಗೆ ಏನೂ ತಿನ್ನಬೇಡಿ, ಕುಡಿಯಬೇಡಿ. ಹೊರಡುವ ಮುಂಚೆ ತಣ್ಣೀರು, ಸೋಪು ಹಾಕಿ ಕೈ, ಮುಖ ತೊಳೆಯಿರಿ. ಸ್ಯಾನಿಟೈಸರ್ ಉಜ್ಜಿದರೆ ಸೀಸ ಹೋಗುವುದಿಲ್ಲ. ಮನೆಯಲ್ಲಿ ಆ ಬಟ್ಟೆ ಬೇರೆಯಾಗಿ ಒಗೆಯಿರಿ, ಶೂ ಬಾಗಿಲ ಹೊರಗೇ ಇರಲಿ. ಬಟ್ಟೆ ಬದಲಿಸದೆ ಮಗಳನ್ನು ಎತ್ತಿಕೊಳ್ಳಬೇಡಿ.

ಪ್ರಶ್ನೆ: ನಮ್ಮದು ಬರೀ ಏರ್ ರೈಫಲ್. ಇಷ್ಟೆಲ್ಲ ಬೇಕಾ?

‘ಬರೀ’ ಅನ್ನಬೇಡಿ. ಒಲಿಂಪಿಕ್ಸ್‌ನಲ್ಲಿ 10 ಮೀಟರ್ ದೂರದಿಂದ ಅರ್ಧ ಮಿಲಿಮೀಟರ್‌ನ ಚುಕ್ಕಿಗೆ ಹೊಡೆಯುವುದು ಅದರಲ್ಲೇ. ಅದರ 4.5 ಮಿಲಿಮೀಟರ್ ಪೆಲೆಟ್ ಕಣ್ಣನ್ನು ಪೂರ್ತಿ ಹಾಳು ಮಾಡಬಲ್ಲದು. ನಳಿಗೆ, ಬೆರಳು, ಕನ್ನಡಕದ ನಿಯಮಗಳೆಲ್ಲ ಅದಕ್ಕೂ ಸೇರಿದ್ದು. ಹೊಡೆಯದಿರುವಾಗ ಛೇಂಬರ್‌ನಲ್ಲಿ ಖಾಲಿ ಎಂದು ತೋರಿಸುವ ಬಣ್ಣದ ಸೇಫ್ಟಿ ಫ್ಲ್ಯಾಗ್ ಇರಲಿ. ಗಾಳಿಯ ಸಿಲಿಂಡರ್ ಮೇಲಿನ ಗಡುವಿನ ತಾರೀಕು ಮೀರಿದ್ದರೆ ತುಂಬಿಸಬೇಡಿ.

ಪ್ರಶ್ನೆ: ಹಾಳೆ ಬದಲಿಸಲು ನಾವು ಕೆಲವರು ಮುಂದೆ ಹೋಗಿದ್ದೆವು. ತಿರುಗಿ ನೋಡಿದರೆ ಹಿಂದೆ ಒಬ್ಬರು ಮೇಜಿನ ಮೇಲಿನ ರೈಫಲ್ ಎತ್ತಿ ದುರ್ಬೀನು ಸರಿಮಾಡುತ್ತಿದ್ದರು. ಹಳಬರು. ಹೊಸಬನಾದ ನಾನು ಕೂಗಬಹುದಿತ್ತಾ?

ಕೂಗಬೇಕಿತ್ತು. ಜನ ಗೆರೆ ದಾಟಿ ಮುಂದೆ ಹೋಗಿರುವಾಗ ಗನ್ ಮುಟ್ಟುವ ಹಾಗೇ ಇಲ್ಲ. ಎತ್ತುವುದು ಹಾಗಿರಲಿ, ಒರೆಸುವುದಕ್ಕೂ, ದುರ್ಬೀನಿನಲ್ಲಿ ಇಣುಕುವುದಕ್ಕೂ ಇಲ್ಲ. ಬೋಲ್ಟ್ ತೆರೆದು, ಗನ್ ಮೇಜಿನ ಮೇಲಿಟ್ಟು, ಎಲ್ಲರೂ ಹಿಂದಿನ ಗೆರೆಯ ಆಚೆ ನಿಂತ ಮೇಲೆಯೇ ಆಫೀಸರ್ ಮುಂದೆ ಹೋಗಲು ಬಿಡುವುದು.

ಅಪಾಯ ಕಂಡಾಗ ನಿಲ್ಲಿಸುವ ಹಕ್ಕು ಆಫೀಸರ್‌ಗೆ ಮಾತ್ರ ಎಂದು ತುಂಬ ಜನ ತಿಳಿದಿದ್ದಾರೆ. ನಿಂತವರಲ್ಲಿ ಯಾರು ಬೇಕಾದರೂ ಕೂಗಬಹುದು, ಇವತ್ತೇ ಬಂದವರೂ ಕೂಗಬಹುದು. ‘ಸೀಸ್ ಫೈರ್’ ಎನ್ನಿ, ‘ಸ್ಟಾಪ್’ ಎನ್ನಿ, ಗಂಟಲು ಹರಿಯುವಷ್ಟು ಜೋರಾಗಿ. ಎರಡೂ ಕೈ ಮೇಲೆತ್ತಿ. ಅವರ ಕಡೆಗೆ ಓಡಬೇಡಿ, ನಳಿಗೆಯ ದಾರಿ ಬಿಟ್ಟು ಪಕ್ಕಕ್ಕೆ ಸರಿಯಿರಿ. ಹಾಗೆ ಯಾರೇ ಕೂಗಿದರೂ ಉಳಿದವರೆಲ್ಲ ಆ ಕ್ಷಣವೇ ಬೆರಳು ತೆಗೆದು, ಗನ್ ಖಾಲಿ ಮಾಡಿ ಕೆಳಗಿಟ್ಟು, ಹಿಂದೆ ಸರಿಯಬೇಕು. ಯಾರು ಕೂಗಿದ್ದು, ಯಾಕೆ ಅಂತ ಆಮೇಲೆ ಕೇಳಿಕೊಳ್ಳಬಹುದು. ನೀವು ಕೂಗಿದ್ದು ಅನಗತ್ಯವಾಗಿತ್ತು ಎಂದು ಗೊತ್ತಾದರೂ ನಾನಂತೂ ಒಂದು ಮಾತೂ ಬಯ್ಯುವುದಿಲ್ಲ. ಆ ಹಳಬರು ಮುಂದಿನ ಸಲವೂ ಹಾಗೇ ಮಾಡಿದರೆ, ಕೂಗಿದ ಮೇಲೆ ನೇರ ಆಫೀಸರ್ ಹತ್ತಿರ ಹೋಗಿ, ಯಾವ ಮೇಜು, ಯಾವ ಹೊತ್ತು ಅಂತ ಹೇಳಿ.