ಇಪ್ಪತ್ತು ದಿನದ ಹೊಸ ಕಾರಿಗೆ ಗೀರು, ನೆಗ್ಗು: ಈಗಲೇ ಪೇಂಟ್ ಮಾಡಿಸಬೇಕಾ?

ನಿಮ್ಮ ಪ್ರಶ್ನೆ ಓದಿದಾಗ ನನ್ನ ಕಥೆಯನ್ನೇ ಯಾರೋ ಬರೆದ ಹಾಗಿತ್ತು. ನಿಮ್ಮ ಕಾರು ಬಂದು ಇಪ್ಪತ್ತು ದಿನ. ದೇವರಾಜ ಮಾರ್ಕೆಟ್ ಪಕ್ಕ ನಿಲ್ಲಿಸಿ ಹೂವು ತಗೊಂಡು ಬರುವಷ್ಟರಲ್ಲಿ ಯಾರದೋ ಸ್ಕೂಟರ್ ಹ್ಯಾಂಡಲ್ ತಾಗಿದೆ. ಹಿಂದಿನ ಬಾಗಿಲಿಗೆ ಐದು ರೂಪಾಯಿ ನಾಣ್ಯದಗಲ ನೆಗ್ಗು, ಅದರ ಕೆಳಗೆ ಗೇಣುದ್ದ ಗೀರು. ಅದಕ್ಕೂ ಹಿಂದಿನ ವಾರ ನೀವೇ ಮನೆ ಗೇಟಿನ ಕಂಬಕ್ಕೆ ಬಂಪರ್ ಉಜ್ಜಿದ್ದೀರಿ. ಸರ್ವಿಸ್ ಸೆಂಟರಿನವರು ಎರಡಕ್ಕೂ ಸೇರಿ ಏಳು ಸಾವಿರ ಹೇಳಿ, 'ಜೀರೋ ಡೆಪ್ ಇದೆಯಲ್ಲ ಸಾರ್, ಕ್ಲೇಮ್ ಮಾಡಿಬಿಡಿ' ಅಂದಿದ್ದಾರೆ. ಜೀರೋ ಡೆಪ್ ಅಂದರೆ ಭಾಗಗಳ ಸವೆತದ ಬೆಲೆ ಕಳೆಯದೆ ಕ್ಲೇಮ್ ಕೊಡುವ ಇನ್ಶೂರೆನ್ಸ್ ಆಡ್-ಆನ್. ಮಾಡಿಸಲಾ, ಹಾಗೇ ಬಿಡಲಾ ಅಂತ ಕೇಳಿದ್ದೀರಿ.

ಬಾಗಿಲಿಗೆ ಪೇಂಟ್ ಮಾಡಿಸಬೇಡಿ. ಕನಿಷ್ಠ ಒಂದು ತಿಂಗಳು ಏನೂ ಮಾಡಿಸಬೇಡಿ, ತಗಡು ಕಾಣುತ್ತಿದ್ದರೆ ಮಾತ್ರ ಬೇರೆ ಮಾತು. ನಾನು ಮಾಡಿಸಿ ಪಶ್ಚಾತ್ತಾಪ ಪಟ್ಟವನು, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ನನ್ನ ಮೊದಲ ಕಾರು ಸಿಲ್ವರ್ ಬಣ್ಣದ್ದು. ನಿಮಿಷಾಂಬ ದೇವಸ್ಥಾನದಲ್ಲಿ ಪೂಜೆ ಮಾಡಿಸಿ, ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹತ್ತಿಸಿ ಇನ್ನೂ ಎರಡು ವಾರ ಆಗಿರಲಿಲ್ಲ. ಪಾಂಡವಪುರದ ಕಡೆ ನಮ್ಮೂರಿಗೆ ಹೊರಟಿದ್ದೆ. ಕಬ್ಬು ಅರೆಯುವ ಕಾಲ. ಆ ದಿನಗಳಲ್ಲಿ ಮಂಡ್ಯ ಸುತ್ತಮುತ್ತ ಓಡಾಡಿದವರಿಗೆ ಗೊತ್ತು, ಟ್ರ್ಯಾಕ್ಟರ್ ಟ್ರೈಲರ್‌ಗಿಂತ ಅದರ ಮೇಲಿನ ಲೋಡೇ ಅಗಲ. ಓವರ್‌ಟೇಕ್ ಮಾಡುವಾಗ ಹೊರಗೆ ಚಾಚಿದ್ದ ಒಂದು ಜಲ್ಲೆ ನನ್ನ ಎಡಗಡೆ ಬಾಗಿಲಿನ ಮೇಲೆ ಸರ್‍ರನೆ ಗೆರೆ ಎಳೆಯಿತು. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಟ್ರ್ಯಾಕ್ಟರಿನವನಿಗೆ ಗೊತ್ತೇ ಆಗಲಿಲ್ಲ, ಪಾಪ, ತಪ್ಪು ಅವನದ್ದೂ ಅಲ್ಲ.

ಊರಲ್ಲಿ ಅಮ್ಮ ನೋಡಿ, 'ಹೋಗ್ಲಿ ಬುಡು ಮಗ, ದೃಷ್ಟಿ ಕಳೀತು ಅಂದ್ಕೊ' ಅಂದರು. ನನಗೆ ನಿದ್ದೆ ಬರಲಿಲ್ಲ. ಮೂರನೇ ದಿನಕ್ಕೇ ಮೈಸೂರಿಗೆ ಬಂದು ಇಡೀ ಬಾಗಿಲಿಗೆ ಪೇಂಟ್ ಹೊಡೆಸಿದೆ. ಶೆಡ್ಡಿನ ನೆರಳಲ್ಲಿ ನೋಡಿದಾಗ ಬಣ್ಣ ಕೂಡಿಕೊಂಡಿತ್ತು. ಸಂಜೆ ಐದರ ಓರೆ ಬಿಸಿಲಿಗೆ ಬಂದಾಗ ಆ ಬಾಗಿಲು ಒಂದು ಪಾಲು ಕಪ್ಪಗೆ ಕಾಣಿಸಿತು. ಸಿಲ್ವರ್, ಗ್ರೇ, ಪರ್ಲ್ ಬಿಳಿಯಂಥ ಬಣ್ಣಗಳ ಪಾಡೇ ಇದು. ಒಳಗಿರುವ ಮಿನುಗು ಪುಡಿ ಹೇಗೆ ಕೂತಿದೆ ಅನ್ನುವುದರ ಮೇಲೆ ಬಣ್ಣ ಬದಲಾಗಿ ಕಾಣುತ್ತದೆ. ಒಳ್ಳೆ ಪೇಂಟರ್ ಆದರೆ ಪಕ್ಕದ ಪ್ಯಾನೆಲ್‌ಗೂ ಸ್ವಲ್ಪ ಹರಡಿ ಕಣ್ಣಿಗೆ ಗೊತ್ತಾಗದ ಹಾಗೆ ಮಾಡುತ್ತಾನೆ. ಅಂದರೆ ಒಂದು ಗೀರಿಗೆ ಎರಡು ಪ್ಯಾನೆಲ್‌ನ ಕಂಪನಿ ಪೇಂಟ್ ಹಾಳು.

ಗೀರಿಗಿಂತ ಆ ಬಣ್ಣದ ವ್ಯತ್ಯಾಸವೇ ನನ್ನನ್ನು ಜಾಸ್ತಿ ಕಾಡಿತು. ಐದು ವರ್ಷ ಬಿಟ್ಟು ಮಾರುವಾಗ ಇನ್ನೊಂದು ಪೆಟ್ಟು. ಕಾರು ನೋಡಲು ಬಂದ ಹುಡುಗ ಕೈಯಲ್ಲಿ ಮೊಬೈಲ್‌ನಷ್ಟು ದೊಡ್ಡ ಒಂದು ಮೀಟರ್ ಹಿಡಿದು ಪ್ರತಿ ಪ್ಯಾನೆಲ್‌ಗೂ ಒತ್ತುತ್ತಾ ಬಂದ. ಪೇಂಟಿನ ದಪ್ಪ ಅಳೆಯುವ ಮೀಟರ್ ಅದು. ಬೇರೆ ಕಡೆಯೆಲ್ಲ ನೂರು, ನೂರಹತ್ತು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ತೋರಿಸಿತು. ಆ ಬಾಗಿಲಿಗೆ ಬಂದಾಗ ಮುನ್ನೂರು ಚಿಲ್ಲರೆ. ಹುಡುಗ ಎರಡು ಸಲ ಒತ್ತಿ ನೋಡಿ, 'ಸೈಡಿಂದ ಆಕ್ಸಿಡೆಂಟ್ ಆಗಿತ್ತಾ ಸಾರ್?' ಅಂದ. ಕಬ್ಬಿನ ಕಥೆ ಎಲ್ಲ ಹೇಳಿದೆ. ಎಲ್ಲರೂ ಹೀಗೇ ಹೇಳುತ್ತಾರೆ ಅನ್ನುವ ಮುಖ ಮಾಡಿ ಹದಿನೈದು ಸಾವಿರ ಇಳಿಸಿದ. ಗೀರು ಹಾಗೇ ಇದ್ದಿದ್ದರೆ ಅದು ಬರೀ ಗೀರು ಅಂತ ಅವನ ಕಣ್ಣಿಗೇ ಕಾಣುತ್ತಿತ್ತು.

ಕಂಪನಿ ಪೇಂಟ್ ಅಂತ ಇಷ್ಟು ಹಟ ಯಾಕೆ ಅನ್ನಬಹುದು. ಫ್ಯಾಕ್ಟರಿಯಲ್ಲಿ ಬರೀ ತಗಡಿನ ಬಾಡಿಯನ್ನು ತೊಟ್ಟಿಯಲ್ಲಿ ಪೂರ್ತಿ ಮುಳುಗಿಸಿ, ಕರೆಂಟ್ ಹಾಯಿಸಿ ತುಕ್ಕು ತಡೆಯುವ ಪದರ ಹಿಡಿಸುತ್ತಾರೆ. ಆಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಕೊನೆಗೆ ಗಾಜಿನಂಥ ಕ್ಲಿಯರ್ ಕೋಟ್. ಇದನ್ನೆಲ್ಲ ನೂರು ಡಿಗ್ರಿಗೂ ಮೇಲಿನ ಬಿಸಿಯಲ್ಲಿ ಬೇಯಿಸುತ್ತಾರೆ. ವರ್ಕ್‌ಶಾಪಿನಲ್ಲಿ ವೈರು, ಪ್ಲಾಸ್ಟಿಕ್, ಸೀಟು ಎಲ್ಲ ಒಳಗಿರುತ್ತವೆ. ಅಷ್ಟು ಬಿಸಿ ಕೊಡಲು ಆಗುವುದಿಲ್ಲ. ಎಷ್ಟೇ ಚೆನ್ನಾಗಿ ಮಾಡಿದರೂ ಅದು ಎರಡನೇ ಪೇಂಟೇ.

ಈಗ ನಿಮ್ಮ ಗೀರಿಗೆ ಬರೋಣ. ಕಾರು ತೊಳೆದು, ಒರೆಸಿ, ನೆರಳಲ್ಲಿ ನಿಲ್ಲಿಸಿ. ಗೀರಿಗೆ ಅಡ್ಡಲಾಗಿ ಉಗುರು ಮೆಲ್ಲಗೆ ಆಡಿಸಿ. ಉಗುರು ಸಿಕ್ಕಿಕೊಳ್ಳದೆ ಜಾರಿದರೆ ಕ್ಲಿಯರ್ ಕೋಟ್ ಮಾತ್ರ ಗೀರಿದೆ. ಪಾಲಿಶ್‌ನಲ್ಲಿ ಮುಕ್ಕಾಲು ಪಾಲು ಹೋಗುತ್ತದೆ. ಸ್ಕೂಟರ್ ಹ್ಯಾಂಡಲ್ಲಿನ ಕಪ್ಪು ರಬ್ಬರ್ ಅಂಟಿಕೊಂಡಿದ್ದರಂತೂ ಅದು ಗೀರೇ ಅಲ್ಲ, ಕೊಳೆ. ಉಗುರು ಸಿಕ್ಕಿಕೊಂಡು ಒಳಗೆ ಬೂದು ಅಥವಾ ಬಿಳಿ ಕಂಡರೆ ಪ್ರೈಮರ್‌ವರೆಗೆ ಹೋಗಿದೆ. ನಿಮ್ಮ ಬಣ್ಣದ ಕೋಡಿನ ಟಚ್‌ಅಪ್ ಪೆನ್ ತಂದು ನೀವೇ ತುಂಬಿ. ಕೋಡ್ ಸಾಮಾನ್ಯವಾಗಿ ಬಾಗಿಲ ಕಂಬದ ಅಥವಾ ಬಾನೆಟ್ ಒಳಗಿನ ಸ್ಟಿಕರ್ ಮೇಲೆ ಇರುತ್ತದೆ. ಒಂದೇ ಸಲ ದಪ್ಪಗೆ ಬಳಿಯಬೇಡಿ, ತೆಳ್ಳಗೆ ಎರಡು ಮೂರು ಸಲ, ನಡುವೆ ಒಣಗಲು ಬಿಟ್ಟು. ಹತ್ತಿರ ಬಂದು ನೋಡಿದವರಿಗೆ ಗೊತ್ತಾಗುತ್ತದೆ, ಗೊತ್ತಾಗಲಿ ಬಿಡಿ. ಹೊಳೆಯುವ ತಗಡೇ ಕಂಡರೆ ಮಾತ್ರ ಇವತ್ತೇ ಪೆನ್ ಹಚ್ಚಿ. ಮೈಸೂರಿನಲ್ಲಿ ಮಂಗಳೂರಿನ ಉಪ್ಪುಗಾಳಿ ಇಲ್ಲ ನಿಜ, ಆದರೆ ಒಂದು ಮಳೆಗಾಲ ಸಾಕು, ತುಕ್ಕು ಪೇಂಟಿನ ಅಡಿಯಲ್ಲೇ ಹರಡುತ್ತದೆ. ಆಗ ಬರೀ ಪೆನ್ನಿನಲ್ಲಿ ಮುಗಿಯುವುದಿಲ್ಲ.

ನೆಗ್ಗಿಗೆ ಪೇಂಟ್ ಬೇಕಾಗೇ ಇಲ್ಲ. ಪೇಂಟ್ ಬಿರುಕು ಬಿಡದೆ ಬರೀ ಒಳಗೆ ಹೋಗಿದ್ದರೆ, ಒಳಗಡೆಯಿಂದ ಸರಳು ತೂರಿಸಿ ಮೆಲ್ಲಮೆಲ್ಲಗೆ ಹೊರಗೆ ಒತ್ತಿ ತೆಗೆಯುವವರಿದ್ದಾರೆ. ಪೇಂಟ್‌ಲೆಸ್ ಡೆಂಟ್ ರಿಪೇರಿ ಅಂತಾರೆ. ನಾಣ್ಯದಗಲದ್ದಕ್ಕೆ ಇದು ಹೇಳಿ ಮಾಡಿಸಿದ್ದು. ಆದರೆ ಬಾಗಿಲಿನ ಅಂಚಿನಲ್ಲೋ ಬಾಡಿ ಲೈನ್ (ಬಾಗಿಲ ಉದ್ದಕ್ಕೂ ಎದ್ದಿರುವ ಗೆರೆ) ಮೇಲೋ ಮಡಚಿದ ಹಾಗೆ ಚೂಪಾಗಿ ನೆಗ್ಗಿದ್ದರೆ ಪೂರ್ತಿ ಬರುವುದಿಲ್ಲ. ಮಾಮೂಲಿ ಟಿಂಕರಿಂಗ್‌ಗೆ ಕೊಟ್ಟರೆ ಪುಟ್ಟಿ ತುಂಬುತ್ತಾರೆ, ಪುಟ್ಟಿ ಅಂದ ಮೇಲೆ ಪೇಂಟ್. ಯೂಟ್ಯೂಬ್ ನೋಡಿ ಬಿಸಿನೀರು, ಹೇರ್ ಡ್ರೈಯರ್ ಅಂತ ಹೋಗಬೇಡಿ. ಅದು ಏನಾದರೂ ಕೆಲಸ ಮಾಡಿದರೆ ಪ್ಲಾಸ್ಟಿಕ್ ಬಂಪರ್ ಮೇಲೆ, ತಗಡಿನ ಮೇಲಲ್ಲ.

ಬಂಪರ್ ಬಗ್ಗೆ ತಲೆಯೇ ಕೆಡಿಸಿಕೊಳ್ಳಬೇಡಿ. ಪ್ಲಾಸ್ಟಿಕ್ಕಿಗೆ ತುಕ್ಕು ಹಿಡಿಯಲ್ಲ. ಇನ್ನೂ ನಾಲ್ಕು ಸಲ ಉಜ್ಜುತ್ತದೆ, ನಮ್ಮ ಹಳೇ ಬಡಾವಣೆಗಳ ಗೇಟುಗಳ ಅಗಲ ಅಷ್ಟೇ ಅಲ್ವಾ. ಎಲ್ಲ ಆದ ಮೇಲೆ ಒಂದೇ ಸಲ ಮಾಡಿಸಿ.

ಇನ್ನು ಕ್ಲೇಮ್. ಇಲ್ಲಿ ತುಂಬ ಜನ ಎಡವುತ್ತಾರೆ. ಮೊದಲನೆಯದು, ಜೀರೋ ಡೆಪ್ ಇದ್ದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಉಳಿಯುತ್ತದೆ ಅಂದುಕೊಳ್ಳುವುದು. ಉಳಿಯಲ್ಲ. ಅದನ್ನು ಕಾಪಾಡುವ ಆಡ್-ಆನ್ ಬೇರೆಯೇ ಇದೆ. ಬೋನಸ್ ಕ್ಲೇಮ್ ಇಲ್ಲದೆ ಹೋದರೆ ಮೊದಲ ವರ್ಷಕ್ಕೆ 20%, ಆಮೇಲೆ 25, 35, 45, 50. ಇದು ಓನ್ ಡ್ಯಾಮೇಜ್ ಪ್ರೀಮಿಯಂ, ಅಂದರೆ ನಮ್ಮ ಕಾರಿನ ಡ್ಯಾಮೇಜಿಗೆ ಕಟ್ಟುವ ಭಾಗದ ಮೇಲೆ ಮಾತ್ರ, ಬೇರೆಯವರಿಗಾದ ನಷ್ಟಕ್ಕೆ ಕಟ್ಟುವ ಥರ್ಡ್ ಪಾರ್ಟಿ ಭಾಗಕ್ಕೆ ಇಲ್ಲ. ಮೊದಲ ವರ್ಷವೇ ಕ್ಲೇಮ್ ಮಾಡಿದರೆ ನಿಮ್ಮ ಲೆಕ್ಕ 0, 20, 25, 35, 45 ಆಗುತ್ತದೆ. ಒಂದೊಂದು ವರ್ಷದ ವ್ಯತ್ಯಾಸ ಕೂಡಿ ನೋಡಿ: 20, 5, 10, 10, 5. ಒಟ್ಟು 50. ಓನ್ ಡ್ಯಾಮೇಜ್ ಪ್ರೀಮಿಯಂ 10,000 ಅಂತ ಇಟ್ಟುಕೊಂಡರೆ ಐದು ವರ್ಷದಲ್ಲಿ ಸುಮಾರು 5,000 ಕೈ ಬಿಡುತ್ತದೆ. ಕಾರಿನ ಬೆಲೆ ಇಳಿದ ಹಾಗೆ ಪ್ರೀಮಿಯಂ ಇಳಿಯುವುದರಿಂದ ಸ್ವಲ್ಪ ಕಮ್ಮಿಯಾಗಬಹುದು. ಇದರ ಜೊತೆ ಪ್ರತಿ ಕ್ಲೇಮ್‌ಗೂ ನೀವೇ ಹಾಕಬೇಕಾದ 1,000 ರೂಪಾಯಿ ಇದೆ, ಎಂಜಿನ್ 1500 ಸಿಸಿಗಿಂತ ದೊಡ್ಡದಾದರೆ 2,000.

ಎರಡನೆಯದು, ಬಾಗಿಲಿಗೆ ಪೆಟ್ಟು ಬಿದ್ದ ದಿನ ಬೇರೆ, ಬಂಪರ್ ಉಜ್ಜಿದ ದಿನ ಬೇರೆ. ಹಾಗಾದರೆ ಅವು ಎರಡು ಕ್ಲೇಮ್, ಎರಡು ಸಾವಿರ ನಿಮ್ಮ ಜೇಬಿಂದ. 'ಒಂದೇ ಘಟನೆ ಅಂತ ಬರೆಯೋಣ' ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಸಹಿ ನಿಮ್ಮದು. ಇನ್ಶೂರೆನ್ಸ್ ಕಡೆಯಿಂದ ಡ್ಯಾಮೇಜ್ ನೋಡಲು ಬರುವ ಸರ್ವೇಯರ್ ಪೆಟ್ಟಿನ ಎತ್ತರ, ದಿಕ್ಕು ನೋಡಿಯೇ ಹಿಡಿಯುತ್ತಾರೆ, ತಿರಸ್ಕಾರ ಆದರೆ ಅದು ನಿಮ್ಮ ಹೆಸರಿನ ಮೇಲೇ ಆಗುವುದು. ನಿಮ್ಮ ಏಳು ಸಾವಿರದ ಕೆಲಸಕ್ಕೆ ಇಷ್ಟೆಲ್ಲ ಕಳೆದರೆ ಏನು ಉಳಿಯಿತು? ಪಾಲಿಶ್, ನೆಗ್ಗು ತೆಗೆಸುವುದು, ಒಂದು ಪೆನ್ನು, ಇಷ್ಟಕ್ಕೆ ಕೈಯಿಂದ ಕೊಟ್ಟರೂ ಅದರ ಅರ್ಧ ಆಗಬಹುದು. ಹಾಗಂತ ಫೆಂಡರ್, ಹೆಡ್‌ಲೈಟ್ ಒಡೆದು ಮೂವತ್ತು ನಲವತ್ತು ಸಾವಿರದ ಕೆಲಸ ಬಂದರೆ ಯೋಚನೆ ಮಾಡದೆ ಅವತ್ತೇ ಕ್ಲೇಮ್ ಮಾಡಿ, ಅದಕ್ಕೇ ಪ್ರೀಮಿಯಂ ಕಟ್ಟಿರುವುದು.

ನನ್ನ ಈಗಿನ ಕಾರಿಗೂ ಎರಡನೇ ತಿಂಗಳಲ್ಲೇ ಗೀರು ಬಿತ್ತು. ಈ ಸಲ ತಗೊಂಡು ಹೋಗಿದ್ದು ಬನ್ನಿಮಂಟಪದ ಕಡೆಯ ಒಬ್ಬ ಹಳೇ ಟಿಂಕರ್ ಹತ್ತಿರ. ಬಗ್ಗಿ ನೋಡಿ, ಹೆಬ್ಬೆರಳಿಗೆ ಎಂಜಲು ಮುಟ್ಟಿಸಿ ಗೀರಿನ ಮೇಲೆ ಒರೆಸಿದರು. ಒದ್ದೆ ಇರುವಷ್ಟು ಹೊತ್ತು ಗೀರು ಕಾಣಲಿಲ್ಲ. 'ನೀರಿಗೆ ಮುಚ್ಚಿಕೊಂಡ್ರೆ ಮೇಲ್ಮೇಲೆ ಆಗಿರೋದು ಸಾರ್. ಕಂಪ್ನಿ ಪೇಂಟು, ಸುಮ್ನೆ ಯಾಕೆ ಕೆರೀತೀರ' ಅಂದು, ರಬ್ಬಿಂಗ್ ಕಾಂಪೌಂಡ್ ಹಚ್ಚಿ ಬಟ್ಟೆಯಲ್ಲಿ ಹತ್ತು ನಿಮಿಷ ಉಜ್ಜಿ ಇನ್ನೂರು ರೂಪಾಯಿ ತಗೊಂಡರು. ಗೆರೆ ಇನ್ನೂ ಇದೆ. ಎಲ್ಲಿದೆ ಅಂತ ನಾನು ತೋರಿಸಿದರೆ ಮಾತ್ರ ನಮ್ಮ ಮನೆಯವರಿಗೆ ಕಾಣುತ್ತದೆ.