ಜಗುಲಿ ಮುಂಡಿಗೆಯ ಪೆನ್ಸಿಲ್ ಗೆರೆಗಳು

ಹುಡುಗಿಗೆ 11 ವರ್ಷ, ಆರನೇ ತರಗತಿ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದೆ.

ನಮ್ಮಲ್ಲಿಗೆ ಕರೆತಂದದ್ದು ಎತ್ತರದ ಚಿಂತೆಗಲ್ಲ, ಶಾಲೆಗೆ ಹೋಗುವುದಿಲ್ಲವೆಂಬ ಹಟಕ್ಕೆ. ವಾರ್ಷಿಕೋತ್ಸವದ ಕುಣಿತದಲ್ಲಿ ಅವಳನ್ನು ಮೂರನೇ ತರಗತಿಯವರ ಸಾಲಿಗೆ ನಿಲ್ಲಿಸಿದ್ದರು. "ನಮ್ಮತ್ತೆನೂ ಗಿಡ್ಡನೇ, ವಂಶದ್ದು" ಎಂದರು ತಾಯಿ.

ವಂಶದ್ದು ಹೌದೋ ಅಲ್ಲವೋ ಲೆಕ್ಕ ಹಾಕಬಹುದು. ತಂದೆ 165 ಸೆಂ.ಮೀ., ತಾಯಿ 152. ಹೆಣ್ಣುಮಗುವಾದರೆ ತಂದೆಯದರಲ್ಲಿ 13 ಕಳೆದು, ತಾಯಿಯದನ್ನು ಕೂಡಿ, ಅರ್ಧ ಮಾಡಬೇಕು (ಗಂಡಾದರೆ 13 ಕೂಡಬೇಕು). ಬಂದದ್ದು 152, ಆಚೀಚೆ 8: ಬೆಳೆದು ನಿಂತಾಗ ಅವಳು ಮುಟ್ಟಬೇಕಾದ ಎತ್ತರ. ಹುಡುಗಿ ಈಗ 122. ಬೆಳವಣಿಗೆ ನಕ್ಷೆಯ ತೀರಾ ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ.

ಅಜ್ಜಿ ಪ್ರತಿ ದೀಪಾವಳಿಗೆ ಜಗುಲಿಯ ಮುಂಡಿಗೆ (ಮರದ ಕಂಬ) ಮೇಲೆ ಗೆರೆ ಎಳೆಯುತ್ತಿದ್ದರಂತೆ. ಟೇಪು ಹಿಡಿದು ಅಳೆದು ಬನ್ನಿ ಎಂದೆವು. ಎಂಟರಿಂದ ಒಂಬತ್ತಕ್ಕೆ 5 ಸೆಂ.ಮೀ., ಮರುವರ್ಷ 4, ಕಳೆದ ವರ್ಷ ಎರಡೂವರೆ. ವಂಶದಿಂದ ಗಿಡ್ಡಗಿರುವ ಮಗುವೂ ಈ ವಯಸ್ಸಲ್ಲಿ ವರ್ಷಕ್ಕೆ ಸುಮಾರು 5 ಏರುತ್ತದೆ. 4ಕ್ಕಿಂತ ಇಳಿದರೆ ಕಾಯಬಾರದು. ಜೊತೆಗೆ ತೂಕ ಏರಿತ್ತು. ಊಟ ಸಾಲದಿದ್ದರೆ ಮೊದಲು ಸೊರಗುವುದು ತೂಕ. ತೂಕ ಏರಿ ಎತ್ತರ ನಿಂತರೆ ಹಾರ್ಮೋನಿನ ಕಡೆ ನೋಡಬೇಕು.

ಶಿವಮೊಗ್ಗದ ಮಕ್ಕಳ ವೈದ್ಯರಲ್ಲಿಗೆ ಕಳಿಸಿದೆವು. ಎಡಗೈ ಮಣಿಕಟ್ಟಿನ ಎಕ್ಸ್-ರೇಯಲ್ಲಿ ಮೂಳೆಯ ವಯಸ್ಸು 8, ಅಂದರೆ ಮೂಳೆ ಬಲಿತಿರುವುದು ಎಂಟು ವರ್ಷದ ಮಗುವಿನಷ್ಟು. ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಎಬ್ಬಿಸುವ ಹಾರ್ಮೋನು; ಗ್ರಂಥಿ ಸೋತರೆ ಇದು ಏರುತ್ತದೆ) ತುಂಬಾ ಹೆಚ್ಚು: ಥೈರಾಯ್ಡ್ ಕೊರತೆ. ಕಾರಣ ಕಾಣದೆ ಗಿಡ್ಡಗಿರುವ ಹೆಣ್ಣುಮಕ್ಕಳಿಗೆ ಟರ್ನರ್ (ಒಂದು X ಕ್ರೋಮೋಸೋಮ್ ಇಲ್ಲದಿರುವ ಅಥವಾ ಅರೆಬರೆಯಾಗಿರುವ ತೊಂದರೆ) ಇದೆಯೇ ಎಂದು ಕ್ರೋಮೋಸೋಮ್ ಪರೀಕ್ಷೆಯೂ ಆಗಬೇಕು, ಅದು ಸರಿಯಿತ್ತು.

ನಮ್ಮ ಸಲಹೆ. ಥೈರಾಯ್ಡ್ ಮಾತ್ರೆ ಎದ್ದ ಕೂಡಲೇ, ಬರೀ ನೀರಲ್ಲಿ. ಕಾಫಿ, ಕಷಾಯ, ತಿಂಡಿ ಏನಿದ್ದರೂ ಅರ್ಧ-ಮುಕ್ಕಾಲು ಗಂಟೆ ಬಿಟ್ಟು. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಗೂ ಇದಕ್ಕೂ 4 ಗಂಟೆ ಅಂತರವಿರಲಿ; ಮಧ್ಯಾಹ್ನ ಊಟವಾದ ಮೇಲೆ ಕೊಡಿ ಎಂದು ಶಿಕ್ಷಕರಿಗೆ ಚೀಟಿ ಬರೆದುಕೊಟ್ಟೆವು. ಮಳೆಗಾಲದ ತೇವಕ್ಕೆ ಮಾತ್ರೆ ಕೆಡುತ್ತದೆ, ಅಂದಂದಿನದನ್ನು ಅಂದೇ ಸ್ಟ್ರಿಪ್‌ನಿಂದ ಬಿಡಿಸಿ. ಎತ್ತರ ಹೆಚ್ಚಿಸುವ ಪುಡಿಗೆ ಸುರಿಯುವ ದುಡ್ಡು ದಂಡ.

ಇನ್ನು ಅಳೆಯುವಾಗ ಜಡೆ ಬಿಚ್ಚಿಸಿ. ಬರಿಗಾಲು, ಹಿಮ್ಮಡಿ ಮುಂಡಿಗೆಗೆ ತಾಗಿರಲಿ, ನೋಟ ನೇರ. ತಲೆ ಮೇಲೆ ಗಟ್ಟಿ ರಟ್ಟಿನ ಪುಸ್ತಕ ಮಟ್ಟಸವಾಗಿಟ್ಟು ಗೆರೆ. ಯಾವಾಗಲೂ ಬೆಳಿಗ್ಗೆಯೇ, ಏಕೆಂದರೆ ಸಂಜೆಗೆ ಸುಮಾರು ಒಂದು ಸೆಂ.ಮೀ. ಕುಗ್ಗಿರುತ್ತೇವೆ. ಮೂರು ತಿಂಗಳಿಗೊಮ್ಮೆ ಸಾಕು. ವಾರವಾರ ಅಳೆದರೆ ಮಗುವಿಗೆ ಅದೇ ಪರೀಕ್ಷೆಯಾಗುತ್ತದೆ.

ಶಾಲೆಗೆ ಹೇಳಿದ್ದು ಒಂದೇ: ಅವಳು ಆರನೇ ತರಗತಿಯವಳು, ಕೆಲಸವನ್ನೂ ಸಾಲನ್ನೂ ಆ ಲೆಕ್ಕದಲ್ಲೇ ಕೊಡಿ.

ಎರಡು ತಿಂಗಳಿಗೆ ತಾಯಿ ಫೋನ್ ಮಾಡಿದರು: ಮಂಕಾಗಿ ಕೂರುತ್ತಿದ್ದವಳು ಈಗ ಕೂತಲ್ಲಿ ಕೂರುವುದಿಲ್ಲ, ಎದುರು ಮಾತಾಡುತ್ತಾಳೆ, ಮಾತ್ರೆ ನಿಲ್ಲಿಸಲಾ? ಬೇಡ. ಚಿಕಿತ್ಸೆ ಶುರುವಾದಾಗ ಕೆಲವು ಮಕ್ಕಳಲ್ಲಿ ಹೀಗಾಗುವುದುಂಟು. ಜೋರು ತಲೆನೋವು, ದೃಷ್ಟಿ ಮಸುಕು ಬಂದರೆ ಮಾತ್ರ ಅಂದೇ ವೈದ್ಯರಿಗೆ ತೋರಿಸಿ ಎಂದೆವು.

ಮೂಳೆ ಹಿಂದುಳಿದಿರುವುದರಿಂದ ಬೆಳೆಯಲು ಜಾಗವಿದೆ, ಆದರೆ ಕಳೆದ ವರ್ಷಗಳದ್ದೆಲ್ಲ ವಾಪಸ್ ಬಾರದೆಯೂ ಇರಬಹುದು. ತಂದೆಗೆ ಇದನ್ನು ಮೊದಲ ದಿನವೇ ಹೇಳಿದ್ದೆವು. ಅವರು ಈಗಲೂ ಪ್ರತಿ ಸಲ 152 ಆಗುತ್ತಾ ಎಂದೇ ಕೇಳುತ್ತಾರೆ.